ಕೆಡಿಸಿ ತೆಗೀರಿ, ಅಕ್ಕಾರ

ಅಗರಖೇಡದ ಆ ಮನೆಗೆ ಕಾಲಿಟ್ಟ ಕೂಡಲೇ ನನ್ನ ಕ್ಯಾಮೆರಾ ಚೀಲವನ್ನು ಕೈಯಿಂದ ಇಸಿದುಕೊಂಡು ಪಡಸಾಲೆಯ ಗೂಟಕ್ಕೆ ತೂಗುಹಾಕಿದರು. ನಮ್ಮ ಕಡೆ ಇದು ಮರ್ಯಾದೆ. ಚೀಲ ಗೂಟಕ್ಕೆ ಏರಿತೆಂದರೆ ಚಹಾ, ಊಟ, ಮತ್ತೆ ಚಹಾ ಮುಗಿಯದೆ ಅದು ಕೆಳಗಿಳಿಯುವುದಿಲ್ಲ, ನಾವೂ ಹೊರಡುವಂತಿಲ್ಲ. ಪಕ್ಕದ ಗೂಟಕ್ಕೆ ಇನ್ನೊಂದು ಚೀಲ ತೂಗುತ್ತಿತ್ತು. ಬಸವನಬಾಗೇವಾಡಿಯ ಯಾವುದೋ ಬಟ್ಟೆ ಅಂಗಡಿಯ ದೊಡ್ಡ ಕೈಚೀಲ. ಅದು ಯಾರದು, ಒಳಗೇನಿದೆ ಎಂದು ಆಗ ನಾನು ವಿಚಾರ ಮಾಡಲಿಲ್ಲ.

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೆಣ್ಣುಮಕ್ಕಳ ಫೋಟೋ ಎಂದರೆ ಸುತ್ತಲಿನ ಊರಿನವರು ನನ್ನನ್ನೇ ಕರೆಯುತ್ತಾರೆ. ಸೆರಗು ಸರಿ ಮಾಡಬಹುದು, ಗಲ್ಲ ಹಿಡಿದು ಮುಖ ತಿರುಗಿಸಬಹುದು, ಯಾರೂ ಏನೂ ಅನ್ನುವುದಿಲ್ಲ. ಅಂದಿನ ಕೆಲಸ ಗಂಡಿನ ಕಡೆಯವರಿಗೆ ತೋರಿಸುವ ಫೋಟೋ. ಗಂಡಿನವರು ಮುದ್ದೇಬಿಹಾಳದವರು. ಮೊಬೈಲಿನಲ್ಲಿ ತೆಗೆದ ಫೋಟೋ ಒಂದನ್ನು ಈ ಮನೆಯವರು ಮೊದಲೇ ಕಳಿಸಿದ್ದರಂತೆ. ಅವರು ಅದನ್ನು ಒಪ್ಪಿರಲಿಲ್ಲ.

"ಮೊಬೈಲ್ ಎಲ್ಲಾರನ್ನೂ ಹಿಟ್ಟ ಬಡದಂಗ ಬೆಳ್ಳಗ ಮಾಡ್ತೈತಿ, ಕ್ಯಾಮೆರಾದ್ದು ಕಳಸ್ರಿ ಅಂದಾರ," ಎಂದರು ಹುಡುಗಿಯ ತಂದೆ. ಊರಲ್ಲಿ ಅವರನ್ನು ಗೌಡರೆಂದೇ ಕರೆಯುತ್ತಾರೆ. "ನಾಳಿ ಅಮಾಸಿ. ಇವತ್ತ ಸಂಜೀಕ ನೋಡಿ ಹೌದೋ ಅಲ್ಲೋ ಹೇಳ್ತಾರಂತ. ಛಲೋತ್ನಂಗ ತೆಗೀರಿ ಅಕ್ಕಾರ."

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ಮುದ್ದೇಬಿಹಾಳದವರ ನಂಬಿಕೆ. ನಂಬಲಿ ಪಾಪ, ನಮ್ಮ ಹೊಟ್ಟೆ ನಡೆಯುವುದೇ ಅದರ ಮೇಲೆ.

ನನ್ನದು ಡಿಎಸ್‌ಎಲ್‌ಆರ್. ದೊಡ್ಡ ಹೆಸರೇ ಹೊರತು ಆ ಕಂಪನಿ ಮಾಡುವ ಮಾಡೆಲ್‌ಗಳಲ್ಲಿ ತೀರಾ ಕೆಳಗಿನದು, ಕಲಿಯುವವರು ಕೊಳ್ಳುವಂಥದ್ದು. ತಲೆಯ ಮೇಲೆ ಪುಟಕ್ಕನೆ ಏಳುವ ಫ್ಲ್ಯಾಶ್, ಒಂದೇ ಕಾರ್ಡಿನ ಜಾಗ, ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ. ಡಬ್ಬಿಯಲ್ಲೇ ಜೊತೆಗೆ ಬಂದ ಹದಿನೆಂಟರಿಂದ ಐವತ್ತೈದರ ಲೆನ್ಸ್. ಹದಿನೆಂಟಕ್ಕೆ ತಿರುಗಿಸಿದರೆ ಇಡೀ ಪಡಸಾಲೆ ಹಿಡಿಯುತ್ತದೆ, ಐವತ್ತೈದಕ್ಕೆ ತಿರುಗಿಸಿ ದೂರ ನಿಂತರೆ ಮುಖ ಇದ್ದ ಹಾಗೆ, ಅಳತೆ ಕೆಡದೆ ಬರುತ್ತದೆ. ಮದುವೆಗೆ ದೊಡ್ಡ ದೊಡ್ಡ ಕ್ಯಾಮೆರಾ ತರುವವರು ಇದನ್ನು ನೋಡಿ ನಗುತ್ತಾರೆ. ನಕ್ಕರೆ ನಗಲಿ, ಇದರ ಗುಣ ದೋಷ ಎರಡೂ ನನಗೆ ಬಾಯಿಪಾಠ.

ಹುಡುಗಿಗೆ ಸೀರೆ ಉಡಿಸಲು ಒಳಕೋಣೆಗೆ ಹೋದೆ. ಜೋಳದ ಚೀಲ ಒಟ್ಟಿದ್ದ ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ನಾನು ನೆರಿಗೆ ಹಿಡಿಯುತ್ತಿದ್ದಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೇನಿ. ಕೆಡಿಸಿ ತೆಗೀರಿ."

"ಏನ ಕೆಡಿಸ್ಲಿ?"

"ನನ್ನ ಮಾರಿ. ನೋಡಿದವ್ರು ಬ್ಯಾಡ ಅನಬೇಕು. ಬಿ.ಎಸ್ಸಿ. ಕಡೀ ವರ್ಷ ಐತ್ರಿ ನಂದು. ಈ ಸಂಬಂಧ ಕೂಡಿತಂದ್ರ ಪರೀಕ್ಷಾದಕಿಂತ ಮೊದಲ ಅಕ್ಕಿಕಾಳ ಹಾಕಿ ಲಗ್ನಾ ಮುಗಸ್ತಾರ."

ಇಂಥ ಹುಡುಗಿಯರನ್ನು ಎಷ್ಟೋ ನೋಡಿದ್ದೇನೆ. ಫೋಟೋ ತೆಗೆಯುವಾಗ ಅವರು ನಗುತ್ತಾರೆ, ನಾನು ನಗಿಸುತ್ತೇನೆ, ಹಣ ತೆಗೆದುಕೊಂಡು ಬರುತ್ತೇನೆ. ಬಾಯಿಬಿಟ್ಟು ಕೇಳಿದವಳು ಇವಳೊಬ್ಬಳೇ. ಆಯಿತು ಎಂದೆ.

ಮುಖ ಕೆಡಿಸುವುದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಅಂಗಳದ ಬಿಸಿಲಿನಲ್ಲಿ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಲೆನ್ಸನ್ನು ಹದಿನೆಂಟಕ್ಕೆ ತಿರುಗಿಸಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತವೆ, ಹಣೆ ಉಬ್ಬುತ್ತದೆ. ಅದರ ಮೇಲೆ ತಲೆಯ ಫ್ಲ್ಯಾಶ್ ಬೇರೆ ಎಬ್ಬಿಸಿದೆ. ಅರಿಶಿಣ ಹಚ್ಚಿ ತೊಳೆದ ಮುಖ ಎಣ್ಣೆ ಸುರಿದಂತೆ ಹೊಳೆಯಿತು. ಸ್ವಲ್ಪ ಮೊಣಕಾಲೂರಿ ಕೆಳಗಿನಿಂದಲೂ ತೆಗೆದೆ. ಆ ಸುಂದರ ಹುಡುಗಿಯನ್ನು ಹಾಗೆ ತೆಗೆಯುವಾಗ ನನ್ನ ಕೈಗೇ ಬೇಸರವಾಯಿತು.

ಗೌಡರು ಪರದೆಯ ಮೇಲಿನ ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು. "ಇದ್ಯಾವ ಕುದರಿ ಮಾರಿ? ನನ್ನ ಮಗಳು ಹಿಂಗ ಅದಾಳೇನು?"

ಆಗ ಅವರ ಪಕ್ಕದಿಂದ ಒಂದು ಕೈ ಬಂದು ಕ್ಯಾಮೆರಾ ತೆಗೆದುಕೊಂಡಿತು. ಮೊಣಕೈವರೆಗೆ ಹಸಿರು ಬಳೆ, ಬೆರಳಿಗೆ ಬೆಳ್ಳಿಯ ಸುತ್ತುಂಗುರ. ಗೌಡರ ಅಕ್ಕ, ಹುಡುಗಿಯ ಸೋದರತ್ತೆ. ಬಾಗೇವಾಡಿಗೆ ಕೊಟ್ಟ ಹೆಣ್ಣುಮಗಳು, ಮುಂಜಾನೆಯೇ ಬಂದಿದ್ದರು.

"ಇದ್ದಂಗ ಬಂದೈತಿ ಬಿಡೋ ತಮ್ಮಾ," ಎಂದರು. "ಇದ್ದದ್ದ ತೋರಿಸಬೇಕು. ಇದನ್ನ ಕಳಸು."

ಮನೆಯಲ್ಲಿ ಒಬ್ಬರಾದರೂ ಹುಡುಗಿಯ ಪರ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು. ಗೌಡರು ಒಪ್ಪಲಿಲ್ಲ. ಬ್ಯಾರೆ ತೆಗೀರಿ ಎಂದರು. ಅಷ್ಟರಲ್ಲಿ ಹುಡುಗಿಯ ತಾಯಿ, ಬಿಸಿ ರೊಟ್ಟಿ ತಿಂದು ಆಮೇಲೆ ತೆಗೆಯಿರಿ ಎಂದು ನನ್ನನ್ನು ಎಳೆದುಕೊಂಡೇ ಅಡಿಗೆಮನೆಗೆ ಹೋದರು. ತಟ್ಟೆಗೆ ಶೇಂಗಾ ಹಿಂಡಿ ಹಾಕಿದವರು ಮೊಸರು ಹಾಕುವುದನ್ನು ಮರೆತರು.

"ಆ ಗೂಟದ ಮ್ಯಾಲ ಇನ್ನೊಂದ ಚೀಲಾ ಐತೆಲ್ಲ, ನೋಡಿದ್ರೇನು?" ಎಂದು ಪಿಸುದನಿಯಲ್ಲಿ ಕೇಳಿದರು.

"ನೋಡಿದೆ."

"ಅದರಾಗ ಹಸರ ಸೀರಿ, ಖಣ, ತೆಂಗಿನಕಾಯಿ, ಉತ್ತತ್ತಿ ಅದಾವು. ನನ್ನ ಮಗಳ ಉಡಿ ತುಂಬಾಕ ತಂದಾಳ ನಮ್ಮನಿಯವ್ರ ಅಕ್ಕ. ಹುಡುಗಿ ಹುಟ್ಟಿದಾಗನ ಇಕಿ ನನ್ನ ಸೊಸಿ ಅಂದಿದ್ಲು. ನಮ್ಮನಿಯವ್ರು ಅಕ್ಕಗ ಎದುರ ಮಾತ ಆಡಾವ್ರಲ್ಲ. ಅತ್ತು ಕರದು ಆಕಿ ಕಡಿಂದ ಒಂದ ಮಾತ ಇಸಗೊಂಡೇನಿ. ಹೊರಗಿನವ್ರು ಹೂಂ ಅಂದ್ರ ಇಕಿ ಬಿಟ್ಟ ಕೊಡ್ತಾಳ. ಅವ್ರು ಬ್ಯಾಡ ಅಂದ್ರ ಇವತ್ತ, ಇದ ಪಡಸಾಲ್ಯಾಗ, ಉಡಿ ತುಂಬಿ ಹೋಗ್ತಾಳ."

ನಮ್ಮಲ್ಲಿ ಉಡಿ ತುಂಬಿದರೆ ಮಾತು ಮುಗಿಯಿತು. ಸೋದರತ್ತೆಯ ಹಕ್ಕು ಎಂದರೆ ಸಣ್ಣದಲ್ಲ. ಅದನ್ನು ಮೀರಬೇಕಾದರೆ ಹೊರಗಿನಿಂದ ಬಂದ ಸಂಬಂಧ ಅಷ್ಟು ಗಟ್ಟಿ ಇರಬೇಕು.

"ಅವರ ಮಗ ಹೆಂಗ?" ಎಂದೆ.

"ಕೆಟ್ಟಂವೇನಲ್ಲ. ಆದರ ಆ ಮನ್ಯಾಗ ಅವರವ್ವ ಅಂದದ್ದ ಆಗಬೇಕು. ಅಲ್ಲಿಗಿ ಹೋಗಿ ನನ್ನ ಮಗಳು ಪುಸ್ತಕ ಹಿಡೀತಾಳೇನು? ಛಲೋ ತೆಗೀರಿ ಅಕ್ಕಾರ. ನಿಮ್ಮ ಕೈಯಾಗ ಐತಿ."

ಚೆನ್ನಾಗಿ ತೆಗೆದರೆ ಮುದ್ದೇಬಿಹಾಳ, ಕೆಡಿಸಿದರೆ ಬಾಗೇವಾಡಿ. ನಡುವೆ ನಾನು. ತಲೆನೋವು ಎಂದು ಹೇಳಿ ಇಂಡಿಯ ಬಸ್ಸು ಹತ್ತೋಣ ಎನಿಸಿತು. ಆದರೆ ನನ್ನ ಚೀಲ ಗೂಟದ ಮೇಲಿತ್ತು, ಅದರ ಕೆಳಗೆ ಅತ್ತೆ ಚಾಪೆ ಹಾಸಿಕೊಂಡು ಎಲೆ ಅಡಿಕೆ ಮಡಿಸುತ್ತ ಕುಳಿತಿದ್ದರು. ಹೋಗಿದ್ದರೂ ಏನಾಗುತ್ತಿತ್ತು? ಇಂಡಿಯಿಂದ ಇನ್ನೊಬ್ಬ ಫೋಟೋದವನನ್ನು ಕರೆಸುತ್ತಿದ್ದರು, ಅಷ್ಟೇ.

ತಾಯಿಯ ಮಾತು ಕೇಳುವುದೆಂದು ತೀರ್ಮಾನಿಸಿದೆ. ಮುದ್ದೇಬಿಹಾಳದವರ ಕೈಕಾಲು ಹಿಡಿದು ಪರೀಕ್ಷೆ ಬರೆಸಬಹುದೇನೋ, ಈ ಹಸಿರು ಬಳೆಯ ಕೈಯಿಂದ ಬಿಡಿಸಿಕೊಳ್ಳುವುದು ಕಷ್ಟ ಎಂದು ಲೆಕ್ಕ ಹಾಕಿದೆ. ಹೊರಗೆ ಬೆಳಕು ಸರಿ ಇಲ್ಲ, ಪಡಸಾಲೆಯಲ್ಲೇ ತೆಗೆಯುತ್ತೇನೆ ಎಂದು ಗೌಡರಿಗೆ ಹೇಳಿದೆ. ಹುಡುಗಿಗೆ ವಿಷಯ ತಿಳಿಸೋಣವೆಂದರೆ ಅತ್ತೆ ಅವಳ ಬೆನ್ನು ಬಿಡಲಿಲ್ಲ. ನಾನು ಲೆನ್ಸನ್ನು ಐವತ್ತೈದಕ್ಕೆ ತಿರುಗಿಸಿ ದೂರ ಹೋಗಿ ನಿಂತದ್ದನ್ನು ನೋಡಿ ಹುಡುಗಿಗೆ ಸಂಶಯ ಬಂತು.

"ನೀವೂ ಅವ್ರ ಕಡೇನ ಏನ್ರಿ?" ಎಂದು ಅವಳು ತುಟಿ ಅಲುಗಿಸದೆ ಕೇಳಿದಳು.

ಆ ಮನೆಯದು ಮಣ್ಣಿನ ಮಾಳಿಗೆ. ಪಡಸಾಲೆಯ ನಡುವೆ ಮೇಲಿನಿಂದ ಒಂದು ಬೆಳಕಿಂಡಿ. ಅದರಿಂದ ಇಳಿಯುವ ಬೆಳಕು ಬಹಳ ಚಂದ, ಆದರೆ ನೆತ್ತಿಯ ಮೇಲೆ ಬೀಳುವುದರಿಂದ ಕಣ್ಣುಗಳು ಕತ್ತಲಾಗುತ್ತವೆ. ಅದಕ್ಕೆ ಒಂದು ಉಪಾಯವಿದೆ. ಒಗೆದ ಬಿಳಿ ಧೋತರವನ್ನು ಮಡಿಸಿ ಸೊಂಟದ ಮಟ್ಟಕ್ಕೆ ಅಡ್ಡ ಹಿಡಿದರೆ ಬೆಳಕು ಅದಕ್ಕೆ ಬಡಿದು ಮೇಲೆ ಚಿಮ್ಮಿ ಮುಖ ತುಂಬುತ್ತದೆ. ಮೊದಲು ತಾಯಿ ಧೋತರ ಹಿಡಿದರು. ಒಂದು ತೆಗೆದು ನೋಡಿದೆ. ಹುಡುಗಿ ಬೇಕೆಂದೇ ಕಣ್ಣು ಮುಚ್ಚಿದ್ದಳು, ಆದರೆ ಬೆಳಕು ಸರಿಯಾಗಿತ್ತು.

"ನೀ ಹೋಗಿ ಒಲಿ ನೋಡು, ನಾ ಹಿಡೀತೇನಿ," ಎಂದು ಅತ್ತೆ ಬಂದು ಧೋತರ ತೆಗೆದುಕೊಂಡರು. ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಭಾರಿ ಉತ್ಸಾಹದಿಂದ ಹಿಡಿದರು. ಬಟ್ಟೆ ಹಿಡಿಯುವುದರಲ್ಲಿ ಏನು ಕೆಡಿಸಿಯಾರು ಎಂದು ನಾನೂ ಬಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಕಷ್ಟ. ತೆಗೆದದ್ದೆಲ್ಲ ಕಪ್ಪು. ಕಣ್ಣಿನ ಜಾಗದಲ್ಲಿ ಎರಡು ಗುಳಿ, ಮೂಗಿನ ಕೆಳಗೆ ಮೀಸೆಯಂಥ ನೆರಳು. ಬೆಳಕು ಹೀರುವ ಐಎಸ್‌ಒ ಅಂಕಿ ಏರಿಸಿದೆ, ಕಪ್ಪು ಹೋಗಲಿಲ್ಲ, ಬದಲಿಗೆ ಮುಖದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು ಬಂತು. ಬೆಳಕು ಅಳೆಯುವ ರೀತಿಯನ್ನು ಇಡೀ ಚಿತ್ರದಿಂದ ನಡುವಿನ ಒಂದೇ ಬಿಂದುವಿಗೆ ಬದಲಿಸಿದೆ. ಮುಖ ಅಷ್ಟಿಷ್ಟು ಬೆಳಗಿತು, ಹಣೆ ಸುಟ್ಟುಹೋಯಿತು. ಗೌಡರು ಪ್ರತಿ ಸಲ ಬಂದು ಪರದೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಮುದ್ದೇಬಿಹಾಳದಿಂದ ಎರಡು ಸಲ ಫೋನೂ ಬಂತು.

"ಬ್ಯಾಸರ ಮಾಡಕೋಬ್ಯಾಡ್ರಿ ಅಕ್ಕಾರ," ಎಂದರು ಅತ್ತೆ ಕುಳಿತಲ್ಲಿಂದಲೇ. "ಅಂಗಳದಾಗ ತೆಗದದ್ದ ಐತೆಲ್ಲ, ಅದ ಸಾಕು."

ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಯಂತ್ರ ಹೀಗೆ ಮರ್ಯಾದೆ ಕಳೆಯುವುದೆಂದರೇನು? ಎಲ್ಲ ತಾನೇ ಮಾಡುವ ಅದರ ಜಾಣತನವನ್ನು ಬಿಡಿಸಿ, ಮೇಲಿನ ಡಯಲ್ಲನ್ನು ಎಂ ಅಕ್ಷರಕ್ಕೆ ತಿರುಗಿಸಿದೆ. ತಾಯಿ ಹಿಡಿದಾಗ ತೆಗೆದ ಫೋಟೋದ ಅಂಕಿಗಳನ್ನು ನೋಡಿ ಅವನ್ನೇ ಕೂಡಿಸಿದೆ. ಎಂ ನಲ್ಲಿ ಕ್ಯಾಮೆರಾ ತಾನಾಗಿ ಏನನ್ನೂ ಬದಲಿಸುವಂತಿಲ್ಲ. ಅದೇ ಬೆಳಕು, ಅದೇ ಅಂಕಿ ಇದ್ದರೆ ಅದೇ ಫೋಟೋ ಬರಬೇಕು. ಬರಲಿಲ್ಲ. ಹಿಂದಿನ ಕಂಬ ಎರಡರಲ್ಲೂ ಒಂದೇ ಸಮ ಬೆಳಗಿತ್ತು, ಹುಡುಗಿಯ ಮುಖ ಮಾತ್ರ ಕತ್ತಲು. ಅಂದರೆ ತಪ್ಪು ಕ್ಯಾಮೆರಾದ ಒಳಗಿಲ್ಲ, ಹೊರಗಿದೆ.

ಪರದೆಯ ಮೇಲೆ ಫೋಟೋವನ್ನು ದೊಡ್ಡದು ಮಾಡಿ ಅಂಚಿನುದ್ದಕ್ಕೂ ಸರಿಸುತ್ತ ಹೋದೆ. ಈ ಅಗ್ಗದ ಕ್ಯಾಮೆರಾಗಳ ಕಿಂಡಿಯಲ್ಲಿ ಒಂದು ಕೊರತೆ ಇದೆ. ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಹೆಚ್ಚೇ ಫೋಟೋದಲ್ಲಿ ಬರುತ್ತದೆ, ನಾಲ್ಕೂ ಕಡೆ ಒಂದು ಸಣ್ಣ ಅಂಚು. ಆ ಕೆಳ ಅಂಚಿನಲ್ಲಿ ಎರಡು ಹಸಿರು ಬಳೆ, ಬೆಳ್ಳಿ ಸುತ್ತುಂಗುರದ ಬೆರಳು, ಮತ್ತು ಕೆಳಕ್ಕೆ ಮಡಚಿದ ಧೋತರದ ತುದಿ ಇತ್ತು.

ಆಗ ಎಲ್ಲ ತಿಳಿಯಿತು. ಮಬ್ಬು ಬೆಳಕಿನಲ್ಲಿ ಗುಂಡಿ ಅರ್ಧ ಒತ್ತಿದರೆ ಫೋಕಸ್ ಹಿಡಿಯಲು ಕ್ಯಾಮೆರಾದ ಮುಂದೆ ಒಂದು ಸಣ್ಣ ದೀಪ ಹತ್ತುತ್ತದೆ. ಆ ಹೆಂಗಸು ಅದನ್ನು ಮೊದಲ ಸಲಕ್ಕೇ ಗುರುತಿಸಿಬಿಟ್ಟಿದ್ದರು. ದೀಪ ಹತ್ತಿದ ಕೂಡಲೇ ಧೋತರ ಮಡಚುವುದು. ನನ್ನ ಕಣ್ಣು ಫೋಕಸಿನ ಚುಕ್ಕಿಯ ಮೇಲೆ. ಮುಂದಿನ ಕ್ಷಣಕ್ಕೆ ಒಳಗಿನ ಕನ್ನಡಿ ಮೇಲೇಳುತ್ತದೆ, ಕಿಂಡಿ ಕತ್ತಲಾಗುತ್ತದೆ. ಡಿಎಸ್‌ಎಲ್‌ಆರ್ ಹಿಡಿದವರು ತಾವು ತೆಗೆಯುವ ಆ ಒಂದು ಗಳಿಗೆಯನ್ನು ಮಾತ್ರ ಕಾಣುವುದಿಲ್ಲ. ಕನ್ನಡಿ ಕೆಳಗಿಳಿದು ನಾನು ಮತ್ತೆ ನೋಡುವಾಗ ಧೋತರ ನೆಟ್ಟಗೆ ಇರುತ್ತಿತ್ತು.

ಸಿಟ್ಟಿನಿಂದ ಮೈ ಉರಿಯಿತು. ಆದರೆ ಪರರ ಮನೆಯಲ್ಲಿ, ಅಕ್ಕನ ಮುಂದೆ ತಮ್ಮನಿಗೆ ಇದನ್ನು ತೋರಿಸಿ ಜಗಳ ಹಚ್ಚಿದರೆ ಉಡಿ ತುಂಬುವುದು ನಿಲ್ಲುತ್ತದೆಯೇ? ಹಟಕ್ಕೆ ಬಿದ್ದು ಆಗಲೇ ತುಂಬಿಬಿಡುತ್ತಾರೆ. ಸೀರೆಯ ನೆರಿಗೆ ಬಿಚ್ಚಿದೆ ಎಂದು ಹೇಳಿ ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದು ಬಾಗಿಲ ಅಗಳಿ ಹಾಕಿದೆ. ಫೋಟೋ ತೋರಿಸಿದೆ.

"ಈ ಬಳಿ ಯಾರವು?"

ಅವಳು ನೋಡಿದಳು. "ಅತ್ತೀವು. ಅತ್ತಿ ನನ್ನ ಸಲುವಾಗಿ ಮಾಡಾಕತ್ತಾಳ್ರಿ. ಕೆಡಿಸಿ ತೆಗೀ ಅಂತ ಫೋಟೋದಾಕಿಗಿ ಹೇಳು ಅಂತ ಆಕೀನ ಫೋನ್ ಮಾಡಿ ಹೇಳಿದ್ಲು. ಈ ಸಂಬಂಧ ತಪ್ಪಸ್ತೇನಿ, ನೀ ಓದು ಅಂದ್ಲು."

ನಾನು ಚೀಲದ ವಿಷಯ ಹೇಳಿದೆ. ಹಸಿರು ಸೀರೆ, ಖಣ, ತೆಂಗಿನಕಾಯಿ, ಉತ್ತತ್ತಿ. ಒಂದೊಂದೇ ಹೆಸರು ಹೇಳಿದಂತೆ ಅವಳ ಮುಖ ಬಿಳಿಚಿಕೊಂಡಿತು. ಜೋಳದ ಚೀಲದ ಮೇಲೆ ಕುಳಿತಳು.

"ಹಂಗಾರ ಛಲೋ ತೆಗದ್ರ?"

"ಮುದ್ದೇಬಿಹಾಳ."

"ಕೆಡಿಸಿ ತೆಗದ್ರ?"

"ಬಾಗೇವಾಡಿ."

ಅವಳು ನನ್ನ ಕೈಯಲ್ಲಿದ್ದ ಕ್ಯಾಮೆರಾದ ಕಡೆ ಬಾಗಿದಳು. ಹೊಸಬರಿಗೆ ತಿಳಿಯಲಿ ಎಂದು ಅದರ ಡಯಲ್ಲಿನ ಮೇಲೆ ಸಣ್ಣ ಸಣ್ಣ ಚಿತ್ರಗಳಿವೆ. ಮುಖ, ಗುಡ್ಡ, ಹೂವು. ಅವಳು ಒಂದರ ಮೇಲೆ ಬೆರಳಿಟ್ಟಳು. "ಇದೇನ್ರಿ?"

"ಓಡೋರನ್ನ ತೆಗಿಯಾಕ."

"ನಿಮ್ಮ ಕ್ಯಾಮೆರಾದಾಗ ಬ್ಯಾರೆ ಏನೂ ಇಲ್ಲೇನ್ರಿ?" ಎಂದವಳೇ ಅಳತೊಡಗಿದಳು. ನನಗೂ ಅಳು ಬಂತು. ಬಂದದ್ದನ್ನು ನುಂಗಿ, ನಿಮ್ಮ ಅಪ್ಪನಿಗೆ ಇದನ್ನೆಲ್ಲ ಹೇಳಿದ್ದೀಯಾ ಎಂದು ಕೇಳಿದೆ.

"ಅಪ್ಪ ಒಬ್ಬಾವ ಎಲ್ಲಿ ಸಿಗ್ತಾನ್ರಿ? ಮುಂಜಾನಿಂದ ಅತ್ತಿ ಮಗ್ಗಲಾಗ ಕುಂತಾಳ."

ತಂದೆಯನ್ನು ಒಬ್ಬರನ್ನೇ ಇವಳ ಮುಂದೆ ನಿಲ್ಲಿಸಬೇಕು. ಅದೊಂದು ನನ್ನಿಂದ ಆಗುವ ಕೆಲಸ ಎನಿಸಿತು. ಹೊರಗೆ ಬಂದು ಅಧಿಕಾರದಿಂದಲೇ ಮಾತಾಡಿದೆ. ಬಾಗಿಲ ಕಡೆಯಿಂದ ಅಡ್ಡ ಬೆಳಕು ಬಂದು ಫೋಟೋ ಕೆಡುತ್ತಿದೆ, ಪಡಸಾಲೆಯ ಬಾಗಿಲು ಹಾಕಬೇಕು, ಧೋತರ ಅಲುಗದಂತೆ ಹಿಡಿಯಲು ಗಂಡಸರ ಕೈ ಬೇಕು, ಉಳಿದವರೆಲ್ಲ ಅಂಗಳಕ್ಕೆ ನಡೆಯಿರಿ.

"ನಾ ಹಿಡದದ್ದ ಏನಾಗಿತ್ತ?" ಎಂದರು ಅತ್ತೆ.

"ನಿಮ್ಮ ಬಳಿ ಫೋಟೋದಾಗ ಬರಾಕತ್ತಾವ್ರಿ," ಎಂದೆ. ಅವರು ನನ್ನನ್ನೇ ನೋಡಿದರು. ನಾನೂ ನೋಡಿದೆ. ಆಮೇಲೆ ಅವರು ಎದ್ದು ಸೆರಗು ಸರಿ ಮಾಡಿಕೊಂಡು ಅಂಗಳಕ್ಕೆ ಹೋದರು.

ಬಾಗಿಲು ಹಾಕಿದೆವು. ಗೌಡರು ಮಗಳ ಮುಂದೆ ಮೊಣಕಾಲೂರಿ ಧೋತರ ಅಡ್ಡ ಹಿಡಿದರು. ನಾನು ಕಿಂಡಿಗೆ ಕಣ್ಣಿಟ್ಟೆ, ಗುಂಡಿ ಮಾತ್ರ ಒತ್ತಲಿಲ್ಲ. ಒಂದು ಕಣ್ಣು ಕ್ಯಾಮೆರಾದಲ್ಲಿದ್ದರೆ ಆ ಮನುಷ್ಯ ಕೆಲಸದಲ್ಲಿದ್ದಾನೆ ಎಂದು ಜನ ಅವನನ್ನು ಮರೆಯುತ್ತಾರೆ. ಹುಡುಗಿ ಬಾಯಿ ತೆರೆದಳು.

"ಅಪ್ಪಾ, ನನ್ನ ಈಗ ಯಾರಿಗೂ ಕೊಡಬ್ಯಾಡ್ರಿ. ಪರೀಕ್ಷಾ ಆಗ್ಲಿ. ಆಮ್ಯಾಲ ನೀವು ಅಂದಂಗ ಕೇಳ್ತೇನಿ."

ಗೌಡರು ತಲೆ ಎತ್ತಲಿಲ್ಲ. ಧೋತರ ತುಸು ಕೆಳಗಿಳಿಯಿತು, ಅದರ ಜೊತೆ ಹುಡುಗಿಯ ಮುಖದ ಮೇಲಿನ ಬೆಳಕೂ ಇಳಿಯಿತು. "ಹೊರಗಿನ ಸಂಬಂಧ ಬಂದ್ರ ನೀ ಉಳೀತಿ ಅಂತ ಮಾಡಿದ್ನೆವ್ವಾ," ಎಂದರು. "ನಿಮ್ಮತ್ತಿಗಿ ನಾ ಇಲ್ಲ ಅಂದಾಂವಲ್ಲ."

"ಇಲ್ಲ ಅನಬ್ಯಾಡ್ರಿ. ಹೂಂ ಅನ್ನೂದ ಬಿಡ್ರಿ."

ಆಮೇಲೆ ಗೌಡರು ಧೋತರವನ್ನು ಬಿಗಿಯಾಗಿ ಹಿಡಿದು ಮೇಲೆತ್ತಿದರು. "ತೆಗೀರಿ," ಎಂದರು.

ತೆಗೆದೆ. ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. ನಗು ಇರಲಿಲ್ಲ, ಭಯವೂ ಇರಲಿಲ್ಲ. ಕಣ್ಣ ಪಾಪೆಯಲ್ಲಿ ಧೋತರದ ಬಿಳುಪು ಸ್ಪಷ್ಟವಾಗಿ ಮೂಡಿತ್ತು. ಆ ಲೆನ್ಸಿನಲ್ಲಿ ಅಷ್ಟು ಚಂದದ ಮುಖವನ್ನು ನಾನು ಹಿಂದೆ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಗೌಡರು ಪರದೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಅಳಸಾಕ ಬರ್ತೈತೇನ್ರಿ?"

"ಯಾಕ್ರಿ ಗೌಡ್ರ? ಇದ ಛಲೋ ಬಂದೈತಿ."

"ಅದಕ್ಕ. ಇದ ಇದ್ರ ನಾ ಕಳಿಸಿಬಿಡ್ತೇನಿ. ಕುದರಿ ಮಾರೀದು ಇದ್ರ ನಮ್ಮಕ್ಕ ಕಳಸ್ತಾಳ. ಒಂದೂ ಇರಬಾರದು."

ಅವರ ಲೆಕ್ಕ ನನಗೆ ಆಗ ಹೊಳೆಯಿತು. ಮುದ್ದೇಬಿಹಾಳದವರು ಬೇಡ ಎಂದರೆ ಮಾತ್ರ ಅಕ್ಕನ ಸರದಿ. ಫೋಟೋವೇ ಹೋಗದಿದ್ದರೆ ಅವರು ಹೂಂ ಅನ್ನುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ಕಾರ್ಡನ್ನು ಪೂರ್ತಿ ಅಳಿಸುವ ಜಾಗವನ್ನು ಹುಡುಗಿಗೆ ತೋರಿಸಿದೆ. ಎಲ್ಲ ಹೋಗುತ್ತದೆ, ಆಗಬಹುದೇ ಎಂದು ಕ್ಯಾಮೆರಾ ಕೇಳಿತು. ಅವಳು ಅಪ್ಪನ ಮುಖ ನೋಡಿ ಗುಂಡಿ ಒತ್ತಿದಳು.

ಗೌಡರು ಬಾಗಿಲು ತೆರೆದು ಅಂಗಳಕ್ಕೆ ಇಳಿದರು. "ಅಕ್ಕಾ, ಕ್ಯಾಮೆರಾ ಕೆಟ್ಟೈತಿ. ಒಂದೂ ಫೋಟೋ ಉಳದಿಲ್ಲ."

"ಅಂಗಳದಾಗ ತೆಗದದ್ದು?"

"ಅದೂ ಹೋತು."

ಎಲ್ಲರೂ ನನ್ನತ್ತ ತಿರುಗಿದರು. ತಾಯಿ ಸೌಟು ಹಿಡಿದುಕೊಂಡೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ನಾನು ಹೇಳಬೇಕಾದದ್ದು ಒಂದೇ ಮಾತು, ಆದರೆ ಅದು ಇಂಡಿ, ಸಿಂದಗಿ ಎರಡೂ ಕಡೆ ಮುಟ್ಟುವ ಮಾತು. ಕೆಟ್ಟ ಕ್ಯಾಮೆರಾದವಳನ್ನು ಮುಂದೆ ಬಸುರಿಯರ ಕುಬಸಕ್ಕೆ ಯಾರು ಕರೆಯುತ್ತಾರೆ?

"ಹೌದ್ರಿ," ಎಂದೆ. "ಕೆಟ್ಟೈತಿ. ನನ್ನದ ತಪ್ಪು."

ಅತ್ತೆ ಬಂದು ಕ್ಯಾಮೆರಾ ಕಸಿದುಕೊಂಡು ಫೋಟೋ ನೋಡುವ ಗುಂಡಿ ಒತ್ತಿದರು. ಚಿತ್ರಗಳಿಲ್ಲ ಎಂಬ ಸಾಲು ಬಿಟ್ಟು ಪರದೆಯ ಮೇಲೆ ಬೇರೇನೂ ಇರಲಿಲ್ಲ. "ಫೋಟೋ ಇಲ್ಲದಿದ್ರ ಬಿಡು, ನಾನಂತೂ ಉಡಿ ತುಂಬಿ ಹೋಗಾಕಿ," ಎಂದು ಗೂಟದ ಕಡೆ ನಡೆದರು.

"ಇಲ್ಲಕ್ಕಾ," ಎಂದರು ಗೌಡರು. ದನಿ ಏರಿಸಲಿಲ್ಲ. "ಅವ್ರು ಬ್ಯಾಡ ಅಂದ್ರ ನಿನ್ನದು ಅಂತ ಮಾತಾಗೈತಿ. ಅವ್ರು ಇನ್ನಾ ಏನೂ ಅಂದಿಲ್ಲ. ಹುಡುಗಿ ಪರೀಕ್ಷಾ ಮುಗಸ್ಲಿ. ಆವಾಗ ಹೊಸಾ ಫೋಟೋ ತೆಗಿಸಿ ಕಳಸ್ತೇನಿ, ಅವ್ರಿಗೂ ಹಂಗ ಹೇಳ್ತೇನಿ. ಅಲ್ಲೀತನ ನಾ ಯಾರಿಗೂ ಮಾತ ಕೊಡಾಂವಲ್ಲ."

ಅತ್ತೆಯ ಕೈ ಚೀಲದ ಹಿಡಿಕೆಯ ಮೇಲೇ ನಿಂತಿತು. ತಾನೇ ಆಡಿದ ಮಾತಿನಲ್ಲಿ ತಾನೇ ಸಿಕ್ಕಿಹಾಕಿಕೊಂಡ ಆ ಹೆಂಗಸು ಚೀಲ ಇಳಿಸಿ ಹೆಗಲಿಗೆ ಹಾಕಿಕೊಂಡರು. ಅದು ಬಂದಷ್ಟೇ ಭಾರವಾಗಿ ಬಾಗೇವಾಡಿಗೆ ತಿರುಗಿ ಹೋಯಿತು. ಗೌಡರು ನನ್ನ ಚೀಲವನ್ನು ತಾವೇ ಇಳಿಸಿ, ಬಸ್ಸಿನವರೆಗೆ ಹೊತ್ತು ತಂದರು.

ನಾನು ಅಂದುಕೊಂಡಂತೆಯೇ ಆಯಿತು. ಆ ಭಾಗದಿಂದ ಬಹಳ ದಿನ ಯಾರೂ ಕರೆಯಲಿಲ್ಲ. ಸಾಲೋಟಗಿಯಲ್ಲಿ ಒಪ್ಪಿಕೊಂಡಿದ್ದ ಒಂದು ಕುಬಸವೂ ತಪ್ಪಿತು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲೂ ಒಬ್ಬರು ಕ್ಯಾಮೆರಾ ಬದಲಿಸಿದಿರೇನು ಎಂದು ಕೇಳಿದರು. ನಾನು ನಕ್ಕೆ, ಮನೆಗೆ ಬಂದು ಉರಿದುಕೊಂಡೆ.

ಬೇಸಿಗೆ ಬಿಸಿಲು ಏರಿದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಸ್ಟುಡಿಯೋದ ಪರದೆ ಸರಿಸಿ ಹಸಿರು ಬಳೆಯ ಕೈ ಒಳಗೆ ಬಂತು. ಹಿಂದೆ ಇಸ್ತ್ರಿ ಅಂಗಿ ಹಾಕಿದ ಒಬ್ಬ ತರುಣ.

"ನಿಮ್ಮ ಕ್ಯಾಮೆರಾ ರಿಪೇರಿ ಆತೇನ್ರಿ?" ಎಂದರು ಅತ್ತೆ. ಕಣ್ಣಲ್ಲಿ ತುಂಟತನವಿತ್ತು, ಸೋಲೂ ಇತ್ತು.

"ಆತ್ರಿ. ಬರ್ರಿ, ಕುಂದರ್ರಿ."

"ನಮ್ಮ ಸೊಸಿ ಪರೀಕ್ಷಾ ಬರಿಯಾಕತ್ತಾಳ. ಅದಾದ ಮ್ಯಾಲ ಮತ್ತ ಎಂಥದೋ ಓದ್ತಾಳಂತ, ನಮ್ಮ ತಮ್ಮನೂ ಹೂಂ ಅಂದಾನ. ಎಷ್ಟ ದಿನಾ ಅಂತ ಕಾಯೂದು ನಾವು? ಇಂವ ನನ್ನ ಮಗ. ಬ್ಯಾರೆ ಕಡೆ ಕಳಸಾಕ ಫೋಟೋ ಬೇಕು." ಕುರ್ಚಿಯಲ್ಲಿ ಕುಳಿತು ಗಾಳಿ ಹಾಕಿಕೊಂಡರು. "ದೂರ ನಿಂತ ತೆಗೀರಿ ಮತ್ತ. ಹತ್ರ ಬಂದ್ರ ಮಾರಿ ಕೆಡ್ತೈತಿ, ನನಗ ಗೊತ್ತೈತಿ."

ನಾನು ತರುಣನನ್ನು ಒಳಗಿನ ಸ್ಟೂಲಿನ ಮೇಲೆ ಕೂರಿಸಿದೆ. ಲೆನ್ಸನ್ನು ಐವತ್ತೈದಕ್ಕೆ ತಿರುಗಿಸಿ ಹಿಂದೆ ಸರಿದೆ. ಅವನು ಬಾಗಿಲ ಆಚೆ ಕುಳಿತ ತಾಯಿಯ ಕಡೆ ಒಮ್ಮೆ ನೋಡಿದ, ನನ್ನ ಕಡೆ ನೋಡಿದ, ಕಾಲರ್ ಸರಿ ಮಾಡಿಕೊಳ್ಳುವ ನೆಪದಲ್ಲಿ ಮುಂದೆ ಬಾಗಿದ.

"ಅಕ್ಕಾರ," ಎಂದ ಸಣ್ಣ ದನಿಯಲ್ಲಿ, "ಸ್ವಲ್ಪ ಕೆಡಿಸಿ ತೆಗೀರಿ."

ನಾನು ಲೆನ್ಸಿಗೆ ಮುಚ್ಚಳ ಹಾಕಿದೆ. ಹೊರಗೆ ಬಂದು ಅತ್ತೆಗೆ ಒಂದು ಕಪ್ ಚಹಾ ತರಿಸಿಕೊಟ್ಟೆ, ಬೆಳಕು ಸರಿ ಇಲ್ಲ, ಸ್ವಲ್ಪ ತಡವಾಗುತ್ತದೆ ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಇನ್ನೊಂದು ಸ್ಟೂಲು ಎಳೆದು ಅವನ ಎದುರಿಗೆ ಕುಳಿತೆ.

"ಯಾಕಪಾ?" ಎಂದು ಕೇಳಿದೆ. "ಪೂರ್ತಿ ಹೇಳು."